ಗೂಟ ನಿಲ್ಲದ ಮಣ್ಣಲ್ಲಿ ಟೆಂಟ್ ನಿಲ್ಲಿಸಿದ್ದು

ಕ್ಯಾಲಿಫೋರ್ನಿಯಾದ ಟ್ರೋನಾ ಪಿನಾಕಲ್ಸ್‌ಗೆ ನಾನೂ ನನ್ನ ಹೆಂಡತಿಯೂ ಬೈಕಲ್ಲಿ ಹೋಗಿದ್ದೆವು. ಒಣಗಿದ ಕೆರೆಯ ತಳದಲ್ಲಿ 500ಕ್ಕೂ ಹೆಚ್ಚು ಸುಣ್ಣಕಲ್ಲಿನ ಕಂಬಗಳು, ಕೆಲವು 140 ಅಡಿ ಎತ್ತರ. ಇವೆಲ್ಲ ನೀರಿನಡಿಯಲ್ಲೇ ಬೆಳೆದವು ಅಂದ್ರೆ ನಂಬೋಕೆ ಕಷ್ಟ, ಅಲ್ವಾ?

ಸಂಜೆ ಗಾಳಿ ಜೋರಾಯಿತು. ಸಡಿಲ ಮಣ್ಣಲ್ಲಿ ಟೆಂಟಿನ ಗೂಟ ಹೊಡೆದಷ್ಟೂ ಕಿತ್ತು ಬರುತ್ತಿತ್ತು. ಬೈಕಲ್ಲಿ ಜಾಸ್ತಿ ಸಾಮಾನು ಒಯ್ಯೋಕಾಗಲ್ಲ, ಇದ್ದದ್ದರಲ್ಲೇ ದಾರಿ ಹುಡುಕಬೇಕಿತ್ತು. ಸ್ಲೀಪಿಂಗ್ ಬ್ಯಾಗಿನ ಚೀಲ, ಬಟ್ಟೆ ಚೀಲಗಳಿಗೆ ಮಣ್ಣು ತುಂಬಿ ಬಾಯಿ ಕಟ್ಟಿದೆವು. ಪ್ರತಿ ಚೀಲದ ನಡುವಿಗೆ ಟೆಂಟಿನ ಹಗ್ಗ ಬಿಗಿದೆವು. ಒಂದಡಿ ಆಳದ ಗುಂಡಿಯಲ್ಲಿ ಹಗ್ಗಕ್ಕೆ ಅಡ್ಡಲಾಗಿ ಮಲಗಿಸಿ, ಮಣ್ಣು ಮುಚ್ಚಿ ಚೆನ್ನಾಗಿ ತುಳಿದೆವು. ಆಗ ಎಳೆತ ತಡೆಯೋದು ತೆಳ್ಳನೆ ಗೂಟವಲ್ಲ, ಚೀಲದ ಮುಂದಿರುವ ಅಷ್ಟೂ ಮಣ್ಣು. ಸೈಡ್ ಸ್ಟ್ಯಾಂಡ್ ಹೂತುಹೋಗದಂತೆ ಕೆಳಗೊಂದು ಚಪ್ಪಟೆ ಕಲ್ಲು ಇಟ್ಟೆವು. ರಾತ್ರಿಯಿಡೀ ಟೆಂಟ್ ಅಲುಗಾಡಿತು, ಒಂದು ಹಗ್ಗವೂ ಸಡಿಲವಾಗಲಿಲ್ಲ.