ರೀಲ್ಸ್ ಚಟ: ಶಪಥ ಬಿಡಿ, ಸೆಟ್ಟಿಂಗ್ಸ್ ಬದಲಿಸಿ

‘ಇದೊಂದು ನೋಡಿ ಮಲಗೋಣ’ ಎಂದು ಹತ್ತೂವರೆಗೆ ಶುರುವಾದದ್ದು ಹನ್ನೆರಡೂವರೆಗೂ ಮುಗಿಯುವುದಿಲ್ಲ. ಇದಕ್ಕೆ ನಿಮ್ಮ ಮನಸ್ಸಿನ ದೌರ್ಬಲ್ಯವನ್ನೇ ಹಳಿಯಬೇಕಾಗಿಲ್ಲ. ಮೊದಲೆಲ್ಲ ವೆಬ್ ಪುಟದ ತಳ ಮುಟ್ಟಿದರೆ ‘ಮುಂದಿನ ಪುಟ’ ಎಂಬ ಗುಂಡಿ ಇರುತ್ತಿತ್ತು. ಒತ್ತಲೋ ಬೇಡವೋ ಎಂದು ಯೋಚಿಸಲು ಅರೆಕ್ಷಣ ಸಿಗುತ್ತಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರರು ರೂಪಿಸಿದ ಕೊನೆಯಿಲ್ಲದ ಸ್ಕ್ರೋಲ್ ಆ ಅರೆಕ್ಷಣವನ್ನು ನುಂಗಿಹಾಕಿತು. ಮುಂದೆ ಅವರೇ ಅದಕ್ಕೆ ಬಹಿರಂಗವಾಗಿ ವಿಷಾದಿಸಿದರು. ಅಷ್ಟರಲ್ಲಿ ಅದು ಎಲ್ಲ ಆ್ಯಪ್‌ಗಳಿಗೂ ಹಬ್ಬಿತ್ತು.

ನಮ್ಮಲ್ಲಿ 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಅನ್ನು ಭಾರತದಲ್ಲೇ ಮೊದಲು ಪ್ರಯೋಗಕ್ಕೆ ಬಿಟ್ಟಿತು. ಒಂದು ಹೋಗಿ ಎರಡು ಬಂದಂತಾಯಿತು. ಬರುವ ವಿಡಿಯೊಗಳಲ್ಲಿ ಬಹುಪಾಲು ಸಪ್ಪೆ, ನಡುವೆ ಎಲ್ಲೋ ಒಂದು ಚೆಂದದ್ದು. ಆ ಒಂದು ಯಾವಾಗ ಬರುತ್ತದೆಂದು ಗೊತ್ತಿಲ್ಲವಲ್ಲ, ಅದಕ್ಕೇ ಬೆರಳು ನಿಲ್ಲುವುದಿಲ್ಲ. ಇಸ್ಪೀಟು ಆಡುವವನು ಮುಂದಿನ ಎಲೆಗೆ ಕಾಯುವುದೂ ಹೀಗೆಯೇ.

ಆದ್ದರಿಂದ ಕಳೆದುಹೋದ ಆ ತಡೆಗಳನ್ನು ಫೋನಿನೊಳಗೆ ಮತ್ತೆ ತಂದಿಡುವುದೇ ದಾರಿ. ಭಾನುವಾರ ಬಿಡುವಾಗಿ ಕೂತರೆ ಎಲ್ಲವನ್ನೂ ಮಾಡಿ ಮುಗಿಸಬಹುದು.

ಮೊದಲು ಲೆಕ್ಕ ನೋಡಿ

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’, ಐಫೋನಿನಲ್ಲಿ ‘ಸ್ಕ್ರೀನ್ ಟೈಮ್’ ತೆರೆಯಿರಿ. ಒಟ್ಟು ಗಂಟೆ ನೋಡಿ ಹೌಹಾರಬೇಡಿ. ಅಡುಗೆ ಮಾಡುತ್ತಾ ಹಾಕಿಟ್ಟ ತಾಳಮದ್ದಳೆಯೂ, ಊರಿಗೆ ಹೋಗುವಾಗ ನೋಡಿದ ಮ್ಯಾಪೂ ಅದರಲ್ಲಿ ಸೇರಿರುತ್ತವೆ. ದಿನಕ್ಕೆ ಎಷ್ಟು ಸಲ ಫೋನ್ ಎತ್ತಿದಿರಿ, ಯಾವ ಆ್ಯಪ್ ಎಷ್ಟು ನೋಟಿಫಿಕೇಶನ್ ಕಳಿಸಿತು ಎಂಬುದನ್ನು ನೋಡಿ. ಕಾಯಿಲೆಯ ಬೇರು ಅಲ್ಲಿದೆ.

ಮನುಷ್ಯರು ಕರೆದರೆ ಮಾತ್ರ ಸದ್ದು

ನೋಟಿಫಿಕೇಶನ್ ಪಟ್ಟಿಯಲ್ಲಿ ಒಂದೊಂದೇ ಆ್ಯಪ್‌ಗೆ ಹೋಗಿ ‘ಇದನ್ನು ಕಳಿಸಿದ್ದು ಮನುಷ್ಯನೋ ಯಂತ್ರವೋ’ ಎಂದು ಕೇಳಿಕೊಳ್ಳಿ. ಕರೆ, ನೇರ ಮೆಸೇಜ್, ಬ್ಯಾಂಕಿನ ಎಸ್ಸೆಮ್ಮೆಸ್ ಇರಲಿ. ‘ನಿಮಗೆ ಇಷ್ಟವಾಗಬಹುದಾದ ವಿಡಿಯೊ’, ‘ನಿಮಗೆ ಪರಿಚಯವಿರಬಹುದಾದವರು’, ‘ಇಂದು ರಾತ್ರಿ ತನಕ ಮಾತ್ರ ರಿಯಾಯಿತಿ’ ಎಲ್ಲ ಬಂದ್.

ಯೂಟ್ಯೂಬ್: ಎಲ್ಲಕ್ಕಿಂತ ದೊಡ್ಡ ಮದ್ದು

ಇದು ಅನೇಕರಿಗೆ ತಿಳಿದಿಲ್ಲ. 2023ರ ಆಗಸ್ಟ್‌ನಿಂದ ಯೂಟ್ಯೂಬ್ ಒಂದು ನಿಯಮ ತಂದಿದೆ. ನೀವು ವಾಚ್ ಹಿಸ್ಟರಿ (ನೋಡಿದ ವಿಡಿಯೊಗಳ ದಾಖಲೆ) ಆಫ್ ಮಾಡಿದ್ದು, ಹಳೆಯ ಹಿಸ್ಟರಿಯೂ ಹೆಚ್ಚಿಗೆ ಇಲ್ಲದಿದ್ದರೆ ಹೋಮ್ ಪುಟದಲ್ಲಿ ಶಿಫಾರಸು ತೋರಿಸುವುದಿಲ್ಲ. ಪುಟ ಹೆಚ್ಚುಕಡಿಮೆ ಖಾಲಿ.

ಮಾಡುವುದು ಹೀಗೆ: ಆ್ಯಪ್‌ನಲ್ಲಿ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಹಿಸ್ಟರಿ ನಿರ್ವಹಿಸುವ ಆಯ್ಕೆ ತೆರೆಯಿರಿ. ಇನ್ನು ಮುಂದೆ ಹಿಸ್ಟರಿ ಉಳಿಸಬೇಡ ಎಂದು ಆಫ್ ಮಾಡಿ. ಅಲ್ಲಿಗೆ ನಿಲ್ಲಿಸಬೇಡಿ, ಹಳೆಯದನ್ನೂ ಪೂರ್ತಿ ಅಳಿಸಿ. ಆಫ್ ಮಾಡಿಯೂ ‘ಏನೂ ಬದಲಾಗಲಿಲ್ಲ’ ಎನ್ನುವವರು ಸಾಮಾನ್ಯವಾಗಿ ಈ ಎರಡನೇ ಭಾಗವನ್ನು ಮರೆತಿರುತ್ತಾರೆ. ಜೊತೆಗೆ ಒಂದು ವಿಡಿಯೊ ಮುಗಿದೊಡನೆ ಇನ್ನೊಂದನ್ನು ತಾನಾಗಿ ಶುರು ಮಾಡುವ ಆಟೊಪ್ಲೇ ಕೂಡ ಆಫ್ ಆಗಲಿ.

ಹುಡುಕಾಟ ಮೊದಲಿನಂತೆಯೇ ನಡೆಯುತ್ತದೆ. ಸಬ್‌ಸ್ಕ್ರೈಬ್ ಮಾಡಿದ ಚಾನೆಲ್‌ಗಳೂ ಅವುಗಳ ಜಾಗದಲ್ಲೇ ಇರುತ್ತವೆ. ಬಿಸಿಬೇಳೆಬಾತ್ ಮಾಡುವುದು ನೋಡಬೇಕಿದ್ದರೆ ಟೈಪ್ ಮಾಡಿ ನೋಡುತ್ತೀರಿ, ಮುಗಿಯುತ್ತದೆ. ನಷ್ಟವೂ ಇದೆ: ಅರ್ಧ ನೋಡಿ ಬಿಟ್ಟ ಉಪನ್ಯಾಸವನ್ನು ಹಿಸ್ಟರಿಯಲ್ಲಿ ಹುಡುಕಲಾಗುವುದಿಲ್ಲ, ಮೊದಲೇ ಸೇವ್ ಮಾಡಿಟ್ಟುಕೊಳ್ಳಬೇಕು. ನನ್ನನ್ನು ಕೇಳಿದರೆ ಅಗ್ಗದ ವ್ಯಾಪಾರ.

ಇನ್‌ಸ್ಟಾಗ್ರಾಂ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ

ಅದರಲ್ಲಿ ದಿನದ ಮಿತಿ ಹಾಕುವ ಸೌಲಭ್ಯವಿದೆ. ಆದರೆ ಸಮಯ ಮುಗಿದಾಗ ಬರುವ ಸೂಚನೆಯನ್ನು ಒಂದೇ ಒತ್ತಿಗೆ ತಳ್ಳಿಹಾಕಬಹುದು, ಬಹುತೇಕರು ಮಾಡುವುದೂ ಅದನ್ನೇ. ಶಿಫಾರಸಿನ ಪೋಸ್ಟ್‌ಗಳನ್ನು 30 ದಿನ ತಡೆಹಿಡಿಯುವ ಆಯ್ಕೆ ಸ್ವಲ್ಪ ವಾಸಿ. ಅದಾದರೂ ರೀಲ್ಸ್ ಟ್ಯಾಬನ್ನು ಮುಚ್ಚುವುದಿಲ್ಲ. ಆ್ಯಪ್ ತೆಗೆದುಹಾಕಿ ಬ್ರೌಸರ್‌ನಲ್ಲಿ ನೋಡುವುದೇ ಮೇಲು. ಪ್ರತಿ ಸಲ ಲಾಗಿನ್ ಆಗಿ, ನೋಡಿ, ಲಾಗ್ ಔಟ್ ಮಾಡಿ. ಕಿರಿಕಿರಿ ಅನ್ನಿಸುತ್ತದೆ. ಅನ್ನಿಸಲಿ, ನಮಗೆ ಬೇಕಾದದ್ದು ಆ ಕಿರಿಕಿರಿಯೇ.

ಸೀರೆ, ಉಪ್ಪಿನಕಾಯಿ, ಕೇಕ್ ಮಾರುವ ಗೃಹೋದ್ಯಮಿಗಳಿಗೆ ಇನ್‌ಸ್ಟಾಗ್ರಾಂ ಅಂಗಡಿಯ ಬಾಗಿಲು, ಮುಚ್ಚಲಾಗದು. ಅವರು ಖಾತೆಯನ್ನು ವ್ಯಾಪಾರದ ಖಾತೆಯಾಗಿ ಬದಲಿಸಿಕೊಂಡು ‘ಮೆಟಾ ಬಿಸಿನೆಸ್ ಸೂಟ್’ ಆ್ಯಪ್ ಬಳಸಲಿ. ಗಿರಾಕಿಗಳ ಮೆಸೇಜಿಗೆ ಉತ್ತರಿಸುವುದು, ಪೋಸ್ಟ್ ಹಾಕುವುದು ಅಲ್ಲೇ ಆಗುತ್ತದೆ. ಊರವರ ರೀಲ್ಸ್ ನಡುವೆ ಹಾದುಹೋಗಬೇಕಿಲ್ಲ.

ವಾಟ್ಸ್‌ಆ್ಯಪ್ ಗ್ರೂಪುಗಳು

ಇಲ್ಲಿಯ ಸಮಸ್ಯೆ ಬೇರೆ: ಬಂಧುತ್ವ. 2022ರಿಂದ ಗ್ರೂಪ್ ಬಿಟ್ಟರೆ ಎಲ್ಲರಿಗೂ ಡಂಗುರ ಸಾರುವುದಿಲ್ಲ, ಅಡ್ಮಿನ್‌ಗೆ ಮಾತ್ರ ಸೂಚನೆ ಹೋಗುತ್ತದೆ. ಆದರೆ ಅಡ್ಮಿನ್ ನಿಮ್ಮ ದೊಡ್ಡಪ್ಪನೇ ಆಗಿದ್ದರೆ ಮುಂದಿನ ಮದುವೆಮನೆಯಲ್ಲಿ ವಿಚಾರಣೆ ತಪ್ಪಿದ್ದಲ್ಲ. ಬಿಡುವ ಗೋಜು ಬೇಡ. ಗ್ರೂಪನ್ನು ಶಾಶ್ವತವಾಗಿ ಮ್ಯೂಟ್ ಮಾಡಿ, ಆರ್ಕೈವ್‌ಗೆ ಹಾಕಿ. ಹೊಸ ಮೆಸೇಜ್ ಬಂದರೂ ಆರ್ಕೈವ್‌ನಲ್ಲೇ ಇರಲಿ ಎಂಬ ಆಯ್ಕೆ ಚಾಟ್ ಸೆಟ್ಟಿಂಗ್ಸ್‌ನಲ್ಲಿದೆ, ಅದನ್ನು ಆನ್ ಮಾಡಿ. ದಿನಕ್ಕೊಮ್ಮೆ ಹೋಗಿ ಹುಟ್ಟುಹಬ್ಬಕ್ಕೆ ಶುಭಾಶಯ, ಸಾವಿಗೆ ಸಂತಾಪ ಹೇಳಿ ಬನ್ನಿ. ‘ಶುಭೋದಯ’ದ ಹೂವುಗಳನ್ನು ತೆರೆಯದಿದ್ದರೆ ಯಾರೂ ಕೇಳುವುದಿಲ್ಲ. ಯಾರು ನಿಮ್ಮನ್ನು ಗ್ರೂಪಿಗೆ ಸೇರಿಸಬಹುದು ಎಂಬುದನ್ನೂ ಪ್ರೈವಸಿ ವಿಭಾಗದಲ್ಲಿ ‘ನನ್ನ ಸಂಪರ್ಕದವರು’ ಎಂದು ಬಿಗಿ ಮಾಡಿ.

ರಾತ್ರಿ ಮತ್ತು ಮಕ್ಕಳು

ಚಾರ್ಜರನ್ನು ಮಲಗುವ ಕೋಣೆಯಿಂದ ಹೊರಗಿಡಿ. ‘ಅಲಾರಂಗೆ ಫೋನ್ ಬೇಕು’ ಎನ್ನುವವರು ಒಂದು ಅಲಾರಂ ಗಡಿಯಾರ ಕೊಳ್ಳಿ. ಮಕ್ಕಳ ಫೋನಿಗೂ ಇದೇ ನಿಯಮ. ಆದರೆ ಅಪ್ಪ ಹಾಸಿಗೆಯಲ್ಲಿ ಶಾರ್ಟ್ಸ್ ನೋಡುತ್ತಾ ಮಗನಿಗೆ ‘ಫೋನ್ ಇಡು’ ಎಂದರೆ ನಡೆಯುವುದಿಲ್ಲ. ಕೋಪದಲ್ಲಿ ಫೋನ್ ಕಿತ್ತುಕೊಳ್ಳುವ ಬದಲು, ಸೆಟ್ಟಿಂಗ್ಸ್ ಬದಲಿಸುವಾಗ ಅವರನ್ನೂ ಕೂರಿಸಿಕೊಳ್ಳಿ. ನಿಮ್ಮ ಫೋನಿನ ಲೆಕ್ಕವನ್ನೂ ಅವರಿಗೆ ತೋರಿಸಿ.

ಇಷ್ಟಾದರೂ ಹತೋಟಿಗೆ ಬಾರದಿದ್ದರೆ

ನಿದ್ದೆ ಕೆಟ್ಟು, ಓದು ಅಥವಾ ಕೆಲಸ ಹದಗೆಟ್ಟು, ಫೋನ್ ಕೈಯಲ್ಲಿಲ್ಲದಿದ್ದರೆ ಸಿಡುಕು, ತಳಮಳ ಶುರುವಾಗುತ್ತಿದ್ದರೆ ಅದು ಸೆಟ್ಟಿಂಗ್ಸ್‌ಗೆ ಮೀರಿದ್ದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ‘ಶಟ್’ ಹೆಸರಿನ ಕ್ಲಿನಿಕ್ ಶುರುವಾಗಿದೆ. ಅಲ್ಲಿಯವರೆಗೆ ಹೋಗಲಾಗದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಮಗುವಿನ ಪರವಾಗಿ ತಂದೆತಾಯಿಯೂ ಕೇಳಬಹುದು.