ಮುಡಿಪಿನ ದುಡ್ಡು ಮಂಗಳವಾರದ ಬಸ್ ಚಾರ್ಜಿಗೆ: ನನ್ನ ಅನುಭವ

"ಹರಕೆ ದೇವರಿಗೆ ಸಲ್ಲಬೇಕು, ಆಸ್ಪತ್ರೆ ಸಾಲಿನಲ್ಲಿ ನಿಂತವರಿಗಲ್ಲ" ಅಂದವರೇ ಈಗ ತಿಂಗಳಿಗೆ ಮುನ್ನೂರು ರೂಪಾಯಿ ಹಾಕುತ್ತಿದ್ದಾರೆ. ಅದಕ್ಕೇ ಬರೆಯುವ ಧೈರ್ಯ ಬಂತು. ಕೃತಜ್ಞತೆಯ ಪುಸ್ತಕ ಬರೆಯುತ್ತಾ, ಮುಡಿಪಿನ ದುಡ್ಡನ್ನು ಮಾನಸಿಕ ಕಾಯಿಲೆಯವರು ಮಂಗಳವಾರದ ಕ್ಲಿನಿಕ್ಕಿಗೆ ಬರುವ ಬಸ್ ಚಾರ್ಜಿಗೆ ಕೊಡುವುದು: ಮೂರ್ನಾಲ್ಕು ವರ್ಷ ಎಡವಿ ಎಡವಿ ಕಡೆಗೂ ದಾರಿಗೆ ಬಂದ ಕೆಲಸ ಇದು. ಅಂಕಿಗಳೆಲ್ಲ ನೆನಪಿನಿಂದ, ಹತ್ತಿಪ್ಪತ್ತು ರೂಪಾಯಿ ಆಚೀಚೆ ಇದ್ದೀತು.

ಹಿನ್ನೆಲೆ ಇಷ್ಟೇ: 2019ರ ಆಗಸ್ಟ್ ಮಳೆ, ಚಾರ್ಮಾಡಿ ಘಾಟಿ, ಹಿಂದೂ ಮುಂದೂ ಗುಡ್ಡ ಜರಿದು ನಡುವೆ ಸಿಕ್ಕಿಬಿದ್ದ ಬಸ್ಸು, ಒಂದು ಇಡೀ ರಾತ್ರಿ. ಆಗ ಕಟ್ಟಿಕೊಂಡ ಹರಕೆಯ ಮುಡಿಪು ಧರ್ಮಸ್ಥಳಕ್ಕೇ ಹೋಯಿತು. ಮಾತು ಬಿಡದ ಮಂಜುನಾಥ, ಅಲ್ಲಿ ಚೌಕಾಸಿ ನಡೆಯುವುದಿಲ್ಲ. ಇಲ್ಲಿ ಹೇಳುತ್ತಿರುವುದು ಆಮೇಲೆ ಕಟ್ಟಿದ ಎರಡನೇ ಮುಡಿಪಿನ ಕಥೆ.

ಮೊದಲು ಪುಸ್ತಕದ ವಿಷಯ. ಕೃತಜ್ಞತೆಯ ಡೈರಿ, ಅಂದರೆ ನಮಗೆ ಒಳ್ಳೆಯದು ಮಾಡಿದವರನ್ನು ನೆನೆದು ಬರೆಯುವ ಪುಸ್ತಕ, ಬರೆಯುವುದು ಹೇಗೆ ಅಂತ ನಿಮಗೆಲ್ಲ ಗೊತ್ತು, ಅದನ್ನು ಬಿಡಿ. ಗೊತ್ತಿಲ್ಲದ್ದು, ಯಾವಾಗ ಶುರು ಮಾಡಬಾರದು ಅನ್ನೋದು. ಘಟನೆಯಾದ ಮರುವಾರವೇ ಪುಸ್ತಕ ಹಿಡಿದರೆ ಕೆಡುತ್ತದೆ. ಎಲ್ಲರೂ "ಬದುಕಿದ್ದೇ ಪುಣ್ಯ" ಅನ್ನುವ ಹೊತ್ತಿನಲ್ಲಿ ಪುಸ್ತಕವೂ ಅದನ್ನೇ ಅಂದರೆ ಬರುವುದು ಸಿಟ್ಟು. ಬರೆಯಲು ಕೂತರೆ ಕಣ್ಣೆದುರು ಬರುವುದು ಗುಡ್ಡ. ನಿದ್ದೆ ಒಂದು ಹದಕ್ಕೆ ಬರುವವರೆಗೆ ಮುಟ್ಟಬೇಡಿ. ತಿಂಗಳು ದಾಟಿದರೂ ಕೆಟ್ಟ ಕನಸು, ಸಣ್ಣ ಸದ್ದಿಗೆ ಬೆಚ್ಚುವುದು, ಆ ರಸ್ತೆಯ ಹೆಸರು ಕೇಳಿದರೆ ಬೆವರುವುದು ನಿಲ್ಲದಿದ್ದರೆ ಪುಸ್ತಕದಿಂದ ಏನೂ ಆಗದು, ವೈದ್ಯರ ಹತ್ತಿರ ಹೋಗಬೇಕು. ಅಲ್ಲಿಯವರೆಗೂ ಕಾಯಲಾಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ, 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಹಗಲೂ ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.

ಶುರು ಮಾಡಿದ ಮೇಲೆ ದಿನಾ ಬರೆದದ್ದು ತಪ್ಪಾಯಿತು. ಹದಿನೈದು ದಿನಕ್ಕೆ "ಮಳೆ ನಿಂತಿತು, ಕಾಫಿ ಚೆನ್ನಾಗಿತ್ತು, ದೇವರು ದೊಡ್ಡವನು" ಅನ್ನುವ ಮಗ್ಗಿ ಆಗಿಬಿಟ್ಟಿತು. ಈಗ ವಾರಕ್ಕೆ ಎರಡೇ ದಿನ, ಬುಧವಾರ ಮತ್ತು ಭಾನುವಾರ, ಸಂಜೆ ದೀಪ ಹಚ್ಚಿದ ಮೇಲೆ. ನೂರು ಹಾಳೆಯ ಉದ್ದ ಪುಸ್ತಕ, ಗೆರೆ ಎಳೆದು ಮೂರು ಕಾಲಂ: ಯಾರು, ಏನು ಮಾಡಿದರು, ಅದರಿಂದ ಅವರಿಗೆ ಏನು ಖರ್ಚಾಯಿತು. ಗಟ್ಟಿ ಇರುವುದು ಮೂರನೇ ಕಾಲಂನಲ್ಲೇ. ಮೊದಲ ಪುಟದ ಒಂದು ಸಾಲು ಹೀಗಿದೆ: "ಕಂಡಕ್ಟರ್. ಗಂಟೆಗೊಮ್ಮೆ ಟಾರ್ಚ್ ಹಿಡಿದು ಸೀಟಿನಿಂದ ಸೀಟಿಗೆ ತಲೆ ಎಣಿಸಿ, ಎಣಿಕೆಯನ್ನು ಗಟ್ಟಿಯಾಗಿ ಹೇಳಿದರು. ಅವರ ನಿದ್ದೆ, ಟಾರ್ಚಿನ ಸೆಲ್ಲು." ಅದರ ಕೆಳಗೆ: "ಹಿಂದಿನ ಸೀಟಿನ ಅಜ್ಜಿ. ಎರಡು ಕಡಲೆ ಚಿಕ್ಕಿ. ಮೊಮ್ಮಗನಿಗೆ ಅಂತ ತಂದದ್ದು." ಎಣಿಸಿ ಹೇಳುವ ಆ ದನಿ ಕಿವಿಗೆ ಬೀಳುತ್ತಿದ್ದರೆ ಜನ ಮಲಗುತ್ತಿದ್ದರು, ನಿಂತರೆ ಏಳುತ್ತಿದ್ದರು. ಇಂಥದ್ದು "ಬದುಕಿದ್ದಕ್ಕೆ ಥ್ಯಾಂಕ್ಸ್" ಅಂತ ಬರೆದರೆ ಕೈಗೆ ಸಿಗುವುದಿಲ್ಲ.

ಪಕ್ಕದಲ್ಲಿ ಒಂದೆರಡು ಪ್ರಯೋಗ ನಡೆದವು. ಬರೆಯಲು ಸೋಮಾರಿತನ ಅಂತ ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿದ್ದು ಪೂರಾ ಫೇಲು. ಮಲೆನಾಡಿನ ಜುಲೈ, ಪ್ರತಿ ರೆಕಾರ್ಡಿಂಗ್ ಹಿಂದೆಯೂ ಹೆಂಚಿನ ಮೇಲೆ ಮಳೆ ಸದ್ದು, ತಿರುಗಿ ಕೇಳಿದರೆ ಎದೆ ಢವಢವ. ಇನ್ನೊಂದು, ಪುಸ್ತಕದಲ್ಲಿದ್ದವರಿಗೆ ಅಂಚೆ ಕಾರ್ಡ್ ಬರೆದದ್ದು. ಐವತ್ತು ಪೈಸೆಯ ಕಾರ್ಡು, ಹನ್ನೊಂದು ಬರೆದು ಐದೂವರೆ ರೂಪಾಯಿ ಖರ್ಚು. ಕಂಡಕ್ಟರ್ ಹೆಸರು ಗೊತ್ತಿಲ್ಲದೆ ತಾರೀಖು, ರೂಟು, ಬಸ್ ಹೊರಟ ಹೊತ್ತು ಬರೆದು ಡಿಪೋಗೇ ಹಾಕಿದ್ದು. ಇಷ್ಟು ಅಗ್ಗಕ್ಕೆ ಇಷ್ಟು ಕೆಲಸ ಮಾಡಿದ ವಸ್ತು ಬೇರೊಂದಿಲ್ಲ.

ಇನ್ನು ದುಡ್ಡು. ಮೊದಲ ಉಪಾಯ ಕೇಳಲು ಸೊಗಸಾಗಿತ್ತು: ಪುಸ್ತಕದಲ್ಲಿ ಒಂದು ಸಾಲು ಬರೆದರೆ ಅರಿಶಿನ ಬಟ್ಟೆಯ ಮುಡಿಪಿಗೆ ಹತ್ತು ರೂಪಾಯಿ ನಾಣ್ಯ. ಎರಡು ತಿಂಗಳಲ್ಲಿ ಕೆಟ್ಟಿತು. ಕೈ ಬಿಗಿಯಾದ ವಾರ ಸಾಲುಗಳು ಕಡಿಮೆ, ಸಂಬಳದ ವಾರ ಪುಟಗಟ್ಟಲೆ. ಕೃತಜ್ಞತೆ ಜಮಾ-ಖರ್ಚಿನ ಚೀಟಿ ಆಯಿತು. ಈಗ ಎರಡನ್ನೂ ಬೇರೆ ಮಾಡಿದೆ. ಮೊತ್ತ ಗೊತ್ತುಮಾಡಿದ್ದು, ಪ್ರತಿ ತಿಂಗಳು 5ನೇ ತಾರೀಖು ಬ್ಯಾಂಕಿನಿಂದ ತಾನಾಗಿ ಹೋಗುತ್ತದೆ. ಪುಸ್ತಕ ಹೇಳುವುದು ಅದು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಮಾತ್ರ. ಮೂರನೇ ಕಾಲಂ ಓದಿದರೆ ಆ ರಾತ್ರಿ ಎಲ್ಲರನ್ನೂ ಹಿಡಿದಿಟ್ಟದ್ದು ಚಿಕ್ಕಿ, ಸೆಲ್ಲು, ನಿದ್ದೆ. ಯಾವುದೂ ದೊಡ್ಡ ಮೊತ್ತದ್ದಲ್ಲ, ಆದರೆ ಎಲ್ಲವೂ ಹೊತ್ತಿಗೆ ಸರಿಯಾಗಿ ಸಿಕ್ಕಿದ್ದು. ಮಾನಸಿಕ ಆರೋಗ್ಯದ ಕೆಲಸದಲ್ಲಿ ಅಂಥ ಸಣ್ಣ ಖರ್ಚು ಯಾವುದು ಅಂತ ಹುಡುಕುವುದರಲ್ಲೇ ಮೂರು ವರ್ಷ ಹೋಯಿತು.

ಮೊದಲ ವರ್ಷ ಹನ್ನೆರಡು ಸಾವಿರ ಒಟ್ಟಿಗೆ ಒಂದು ದೊಡ್ಡ ಸಂಸ್ಥೆಗೆ. ಮಿರಿಮಿರಿ ಕಾಗದದಲ್ಲಿ ಒಂದು ಪತ್ರ ಬಂತು, ಅಲ್ಲಿಗೆ ಮುಗಿಯಿತು. ಅವರದ್ದೇನೂ ತಪ್ಪಿಲ್ಲ. ಎರಡನೇ ವರ್ಷ ಒಂದು ಆಶ್ರಯಧಾಮಕ್ಕೆ ಬೆಡ್‌ಶೀಟು, ಹಣ್ಣು. ಹೋಗಿ ನೋಡಿದರೆ ಉಗ್ರಾಣದಲ್ಲಿ ಬೆಡ್‌ಶೀಟಿನ ಗುಡ್ಡೆ, ಅಲ್ಲಿ ಬೇಕಾಗಿದ್ದದ್ದು ರಾತ್ರಿ ಪಾಳಿಯ ಒಬ್ಬ ಆಯಾ. ಜೊತೆಗೆ ಬಂದವರು ಮೊಬೈಲ್ ತೆಗೆದು ಫೋಟೋಗೆ ನಿಂತರು. ಚಿಕಿತ್ಸೆಯಲ್ಲಿರುವವರ ಫೋಟೋ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಬಾರದು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಅದು ಹೇಸಿಗೆಯ ಕೆಲಸ.

ಮೂರನೇ ವರ್ಷದ ಪೆಟ್ಟು ಮಾತ್ರೆಯದು. ಓಲಾಂಜಪಿನ್, ರಿಸ್ಪೆರಿಡೋನ್ ಅನ್ನುವ ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ಸಗಟಿನಲ್ಲಿ ಸುಮಾರು ಎಂಟು ಸಾವಿರಕ್ಕೆ ಕೊಂಡು ಕೊಟ್ಟದ್ದು. ವೈದ್ಯರು ಡೋಸ್ ಬದಲಿಸಿದರು, 10 ಮಿಲಿಗ್ರಾಂ ಬೇಕಾದಲ್ಲಿ 5 ಇತ್ತು, ಕೆಲವರನ್ನು ಬೇರೆ ಮದ್ದಿಗೆ ಹಾಕಿದರು. ಸ್ಟ್ರಿಪ್‌ಗಳು ಅಲ್ಮೇರಾದಲ್ಲೇ ಅವಧಿ ಮೀರಿದವು. ಅದೇ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಹೆಚ್ಚಿನ ತಿಂಗಳು ಪುಕ್ಕಟೆ ಸಿಗುತ್ತವೆ, ಜನೌಷಧಿಯಲ್ಲಿ ಅಗ್ಗ. ಮದ್ದು ಕೊಳ್ಳಲು ಹೋಗಬೇಡಿ ಅಂತ ಇದನ್ನೆಲ್ಲ ಬಲ್ಲವರು ಮೊದಲೇ ಅಂದಿದ್ದರು. ಕೇಳಲಿಲ್ಲ, ಎಂಟು ಸಾವಿರ ಕೊಟ್ಟು ಕಲಿತದ್ದಾಯಿತು.

ಕಡೆಗೆ ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ಮೂರು ಮಂಗಳವಾರ ಸುಮ್ಮನೆ ಬೆಂಚಿನ ಮೇಲೆ ಕೂತದ್ದೇ ದಾರಿ ತೋರಿಸಿತು. ತಜ್ಞರು ಬರುತ್ತಾರೆ, ಮದ್ದು ಇರುತ್ತದೆ, ರೋಗಿ ಬರುವುದಿಲ್ಲ. ಜಿಲ್ಲೆ-ತಾಲೂಕು ಮಟ್ಟದಲ್ಲಿ ಈ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1985ರಿಂದ ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದರು, 1996ರಲ್ಲಿ ಅದೇ ಮಾದರಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯಿತು. ವ್ಯವಸ್ಥೆ ಇದೆ. ತಪ್ಪಿಹೋಗುವುದು ಮನೆಯಿಂದ ಆ ಬೆಂಚಿನವರೆಗಿನ ಮೂವತ್ತು ಕಿಲೋಮೀಟರ್. ಡಿಪೋ ಇಂಜೆಕ್ಷನ್ (ವಾರಗಟ್ಟಲೆ ಮೈಯಲ್ಲಿ ಕೆಲಸ ಮಾಡುವ ಮದ್ದು) ಇರುವವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಸೂಜಿ ಬೀಳಬೇಕು, ಒಂದು ತಾರೀಖು ಹೋದರೆ ಮನೆಯವರಿಗೆ ಆ ತಿಂಗಳು ನಿದ್ದೆಯಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಗೆ ತಪ್ಪುತ್ತದೆ, ಡಿಸೆಂಬರ್-ಜನವರಿಯಲ್ಲಿ ಕಾಫಿ ಕೊಯ್ಲಿಗೆ. ಕೂಲಿ ಬಿಟ್ಟು ಜೊತೆಗೆ ಬರುವವರು ಯಾರು?

ಹೆಂಗಸರಿಗೆ ಉಚಿತ ಬಸ್ ಇದೆಯಲ್ಲ ಅಂತ ಕೇಳುವವರಿಗೆ: 2023ರ ಜೂನ್‌ನಿಂದ ಬಂದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಹೋಬಳಿಯ ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಅಮ್ಮನಿಗೂ ಟಿಕೆಟ್, ಮಗನಿಗೂ ಟಿಕೆಟ್. ಮುಖ್ಯರಸ್ತೆಯ ಊರುಗಳಲ್ಲಿ ಮಾತ್ರ ಒಂದು ಟಿಕೆಟಿನ ದುಡ್ಡು ಉಳಿಯುತ್ತದೆ.

ತಿಂಗಳ ಖರ್ಚು ಹೆಚ್ಚುಕಡಿಮೆ ಹೀಗೆ. ಇಪ್ಪತ್ತೆರಡು ಮನೆ, ಜೋಡಿಗೆ ಹೋಗಿಬರುವ ಚಾರ್ಜು ಸರಾಸರಿ ಇನ್ನೂರು, ನಾಲ್ಕೂವರೆ ಸಾವಿರದ ಹತ್ತಿರ. ಇಬ್ಬರಿಗೆ ಊಟಕ್ಕೆ ಎಂಬತ್ತರಂತೆ ಸಾವಿರದ ಏಳುನೂರು-ಎಂಟುನೂರು. ಐದಾರು ರಕ್ತಪರೀಕ್ಷೆ, ಸಾವಿರದ ಏಳುನೂರು. ಆಸ್ಪತ್ರೆಯಲ್ಲಿ ಸ್ಟಾಕ್ ಇಲ್ಲದ ವಾರಕ್ಕೆ ಹತ್ತು ದಿನದ ಮಾತ್ರೆ, ಚೀಟಿ ತೋರಿಸಿದರೆ ಮಾತ್ರ, ಎಂಟುನೂರು. ಕೊಡುವವರು ಮೂವತ್ತು ಮಂದಿ, ಇನ್ನೂರರಿಂದ ಐನೂರರವರೆಗೆ, ಒಂಬತ್ತು ಸಾವಿರ ಚಿಲ್ಲರೆ ಬೀಳುತ್ತದೆ. ಮೊದಲು ಕ್ಲಿನಿಕ್ಕಿನ ಹತ್ತು ತಾರೀಖಿನ ಕಾರ್ಡಿನಲ್ಲಿ ನಾಲ್ಕು ತಾರೀಖು ರೋಗಿ ಬಾರದೆ ಖಾಲಿ ಇರುತ್ತಿದ್ದವು, ಈಗ ಒಂದೋ ಎರಡೋ. ಕಾರ್ಡು ಎಣಿಸುವ ಸಿಸ್ಟರ್‌ಗೇ ನಂಬಿಕೆ ಬರಲಿಲ್ಲ, ಎರಡು ಸಲ ಎಣಿಸಿದರು.

ರಕ್ತಪರೀಕ್ಷೆಯಲ್ಲಿ ದುಡ್ಡು ಪೋಲಾಗುವ ಜಾಗ ಒಂದಿದೆ. ಲಿಥಿಯಂ ಅನ್ನುವ ಮದ್ದು ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಅದರ ಮಟ್ಟ ನೋಡಬೇಕು, ಆ ರಕ್ತವನ್ನು ಕೊನೆಯ ಡೋಸ್ ಆಗಿ ಹನ್ನೆರಡು ಗಂಟೆಗೆ ಎಳೆಯಬೇಕು. ಬೆಳಿಗ್ಗೆ ಮಾತ್ರೆ ನುಂಗಿ ಬಂದರೆ ಅಂಕಿ ಏರಿ ಕಾಣುತ್ತದೆ, ವೈದ್ಯರು ಗಾಬರಿಯಾಗುತ್ತಾರೆ, ಮತ್ತೆ ಪರೀಕ್ಷೆ. ಹೀಗೆ ನಾಲ್ಕು ಪರೀಕ್ಷೆ ದಂಡವಾದ ಮೇಲೆ ಸೋಮವಾರ ಸಂಜೆಯ ಫೋನ್ ಶುರುವಾಯಿತು: "ನಾಳೆ ಬೆಳಗಿನ ಮಾತ್ರೆ ತಿನ್ನಿಸಬೇಡಿ, ಕೈಯಲ್ಲಿ ಹಿಡ್ಕೊಂಡು ಬನ್ನಿ, ರಕ್ತ ಕೊಟ್ಟಮೇಲೆ ತಿನ್ನಿಸಿ." ಹೀಗೆ ಹೇಳಬೇಕಾದದ್ದು ಲಿಥಿಯಂನವರಿಗೆ ಮಾತ್ರ, ಅದೂ ವೈದ್ಯರನ್ನು ಕೇಳಿಕೊಂಡು. ಕ್ಲೋಜಪಿನ್‌ನವರಿಗೆ (ಅದೂ ಮಾನಸಿಕ ಕಾಯಿಲೆಯದೇ ಮದ್ದು) ಈ ನಿಯಮ ಬೇಡ, ಅವರಿಗೆ ನೋಡುವುದು ಬಿಳಿ ರಕ್ತಕಣದ ಎಣಿಕೆ. ಆದರೆ ಮೊದಲ ನಾಲ್ಕು ತಿಂಗಳು ವಾರವಾರ ಬರಬೇಕು. ಹಾಗಾಗಿ ಹೊಸ ಕ್ಲೋಜಪಿನ್ ಕಾರ್ಡು ಬಂದರೆ ನಾಲ್ಕು ಮನೆಯ ದುಡ್ಡು ಒಂದೇ ಮನೆಗೆ ಹೋಗುತ್ತದೆ ಅಂತ ಮೊದಲೇ ಎತ್ತಿಡಿ.

ಬಸ್ ಚಾರ್ಜು ಕೊಡುವ ರೀತಿಯಲ್ಲೂ ಎರಡು ಸಲ ಬಿದ್ದೆ. ತಿಂಗಳ ಮೊದಲೇ ಮನೆಗೆ ಕಳಿಸಿದರೆ ರೇಷನ್‌ಗೋ ಸಾಲಕ್ಕೋ ಹೋಗುತ್ತದೆ, ತಪ್ಪೆನ್ನಲೂ ಆಗದು. ಬಂದ ಮೇಲೆ ಟಿಕೆಟ್ ನೋಡಿ ಕೊಡುತ್ತೇವೆ ಅಂದರೆ ದುಡ್ಡಿಲ್ಲದವರು ಹೊರಡುವುದೇ ಇಲ್ಲ. ಈಗ ಈ ಸಲ ಬಂದಾಗಲೇ ಮುಂದಿನ ಸಲದ್ದನ್ನು ಕವರ್‌ನಲ್ಲಿ ಹಾಕಿ, ತಾರೀಖಿನ ಕಾರ್ಡಿನ ಜೊತೆ ಪಿನ್ ಹೊಡೆದು, ಜೊತೆಗೆ ಬಂದವರ ಕೈಗೆ ಕೊಡುವುದು. ಕವರ್ ಮೇಲೆ ಈ ದುಡ್ಡು ನಿಭಾಯಿಸುವ ಸಂಸ್ಥೆಯ ಹೆಸರು ಇರಕೂಡದು, ಬಸ್ಸಿನಲ್ಲಿ ಪಕ್ಕದವರು ಓದುತ್ತಾರೆ. ಹೆಸರಿನ ಬದಲು ನಾವು ಬರೆಯುವುದೇನು, ಅದರಿಂದ ಕವರ್ ಒಡೆಯದೆ ಹೇಗೆ ಉಳಿಯುತ್ತದೆ, ಅದನ್ನು ಇಲ್ಲಿ ಹೇಳಲಾರೆ. ಕ್ಲಿನಿಕ್ಕಿಗೆ ಬಂದರೆ ತೋರಿಸುತ್ತೇನೆ.

ದುಡ್ಡು ಒಟ್ಟುಮಾಡುವಲ್ಲಿ ದೊಡ್ಡ ತಪ್ಪು ನನ್ನದೇ ಖಾತೆಗೆ ಹಾಕಿಸಿಕೊಂಡದ್ದು. ಸಂಸ್ಥೆಗೆ ಕಳಿಸಿದಾಗ 80ಜಿ ರಸೀದಿ (ದೇಣಿಗೆಗೆ ತೆರಿಗೆ ವಿನಾಯಿತಿ ಪಡೆಯುವ ಚೀಟಿ) ನನ್ನೊಬ್ಬನ ಪ್ಯಾನ್‌ಗೆ ಬಂತು. ಜುಲೈಯಲ್ಲಿ ರಿಟರ್ನ್ ಹಾಕಲು ಕೂತ ಒಂಬತ್ತು ಮಂದಿ ಫೋನ್ ಮೇಲೆ ಫೋನ್. ಈಗ ಪ್ರತಿಯೊಬ್ಬರೂ ನೇರ ಸಂಸ್ಥೆಯ ಖಾತೆಗೇ ಹಾಕುತ್ತಾರೆ, ಷರಾದಲ್ಲಿ ಒಂದೇ ಗುರುತು ಪದ. ಈ ಪದದ ದುಡ್ಡು ಫಾಲೋಅಪ್ ಪ್ರಯಾಣಕ್ಕೆ ಮಾತ್ರ ಅಂತ ಸಂಸ್ಥೆಯಿಂದ ಲೆಟರ್‌ಹೆಡ್‌ನಲ್ಲಿ ಮೊದಲೇ ಬರೆಸಿಕೊಳ್ಳಿ, ಬಾಯಿಮಾತು ಬೇಡ. ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ವಿನಾಯಿತಿಯಿಲ್ಲ, ಅಕ್ಕಿ-ಬಟ್ಟೆ ಕೊಟ್ಟರೂ ಇಲ್ಲ, ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಹೇಗೂ ಇಲ್ಲ. ಇದನ್ನು ಮೊದಲೇ ಹೇಳಿದರೆ ಇಬ್ಬರು ಬಿಡುತ್ತಾರೆ, ಆಮೇಲೆ ಹೇಳಿದರೆ ಹತ್ತು ಮಂದಿ.

ಹೊರದೇಶದವರ ದುಡ್ಡು ಇನ್ನೊಂದು ಗೋಜಲು. ಮಸ್ಕತ್‌ನಲ್ಲಿರುವ ಗೆಳೆಯನದು ಭಾರತದ ಪಾಸ್‌ಪೋರ್ಟ್, ಅವನು ಬ್ಯಾಂಕಿನ ಮೂಲಕ ಹಾಕಿದ್ದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ಪಡೆದ ಚಿಕ್ಕಪ್ಪನ ಮಗಳು ಬೆಂಗಳೂರಿನ ಖಾತೆಯಿಂದಲೇ ಐದು ಸಾವಿರ ಹಾಕಿದರೂ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದ ಸಂಸ್ಥೆ ಮುಟ್ಟುವಂತಿಲ್ಲ, ಇದ್ದರೂ ಅದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು. ಆ ಐದು ಸಾವಿರ ವಾಪಸ್ ಹೋಯಿತು. ಅವಳಿಗೆ ಬೇಜಾರು, ಸಂಸ್ಥೆಯ ಲೆಕ್ಕಿಗರಿಗೆ ಜ್ವರ.

ಕೊಡುವವರ ಗುಂಪಿಗೆ ತಿಂಗಳಿಗೊಂದೇ ಮೆಸೇಜು, ನಾಲ್ಕು ಸಾಲು: ಎಷ್ಟು ಮಂದಿ ಬರಬೇಕಿತ್ತು, ಎಷ್ಟು ಬಂದರು, ಎಷ್ಟು ಖರ್ಚು, ಎಷ್ಟು ಉಳಿಯಿತು. ಹೆಸರು, ಊರು, ಕಾಯಿಲೆ ಏನೂ ಇಲ್ಲ. "ಒಂದು ಕಥೆ ಹಾಕಿ, ಜಾಸ್ತಿ ದುಡ್ಡು ಬರುತ್ತೆ" ಅಂತ ಒತ್ತಾಯ ಬಂದೇ ಬರುತ್ತದೆ. ಜಗ್ಗಬೇಡಿ. ಸಣ್ಣ ತಾಲೂಕಿನಲ್ಲಿ "ಮೂವತ್ತು ವರ್ಷದ ಯುವಕ, ಕಾಫಿ ತೋಟದ ರೈಟರ್" ಅಂದರೆ ಸಾಕು, ಸಂಜೆಯೊಳಗೆ ಮನೆ ಗುರುತು ಸಿಗುತ್ತದೆ.

ಒಂದು ಪ್ರಯೋಗ ಹೇಳದೆ ಬಿಡುವಂತಿಲ್ಲ, ನಾಚಿಕೆಯಾದರೂ. ನನಗೆ ಪುಸ್ತಕ ಹಿಡಿಯಿತಲ್ಲ ಅಂತ ಬೆಂಚಿನ ಮೇಲೆ ಕೂತ ತಾಯಂದಿರಿಗೂ ಇಪ್ಪತ್ತು ಪುಸ್ತಕ ಹಂಚಿದೆ, ಆರುನೂರು ರೂಪಾಯಿ. ಮಗ ರಾತ್ರಿಯೆಲ್ಲ ಅಂಗಳದಲ್ಲಿ ನಡೆದಾಡುವ ಮನೆಯಲ್ಲಿ ಕೃತಜ್ಞತೆ ಪಟ್ಟಿ ಮಾಡಿ ಅನ್ನುವುದು ಗಾಯಕ್ಕೆ ಉಪ್ಪು. ಒಂದೂ ಪುಸ್ತಕ ವಾಪಸ್ ಬರಲಿಲ್ಲ, ಎರಡು ಹಾಲಿನ ಲೆಕ್ಕಕ್ಕೆ ಉಪಯೋಗವಾದವು. ಆದರೆ ಊಟದ ಹೊತ್ತಿನಲ್ಲಿ "ಈ ತಿಂಗಳು ಯಾರಾದರೂ ಕೈ ಹಿಡಿದರಾ?" ಅಂತ ಕೇಳಿದರೆ ಮಾತಾಡುತ್ತಾರೆ. ಆಶಾ ಕಾರ್ಯಕರ್ತೆಯ ಹೆಸರು ಬರುತ್ತದೆ, ಟಿಕೆಟ್ ಬಿಟ್ಟ ಬಸ್ಸಿನವನು ಬರುತ್ತಾನೆ. ಆ ಹೆಸರುಗಳಿಗೆ ಅಂಚೆ ಕಾರ್ಡ್ ನಾನೇ ಬರೆಯುತ್ತೇನೆ.

ಈ ಮಳೆಗಾಲಕ್ಕೆ ಎರಡು ಬದಲಾವಣೆ ಇದೆ. ಮೇ ತಿಂಗಳಲ್ಲೇ ಎಲ್ಲ ಕವರ್‌ಗೂ ಐವತ್ತು ರೂಪಾಯಿ ಜಾಸ್ತಿ ಹಾಕುವುದು, ಬಸ್ ನಿಂತ ದಿನ ಆಟೋ ಬೇಕಾಗುತ್ತದೆ. ಮತ್ತೆ ಹಳ್ಳ ಉಕ್ಕಿದರೆ ದಾರಿ ಕಡಿಯುವ ಆರು ಮನೆಯವರ ಸೂಜಿಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಹಾಕಿಸುವುದು. ವೈದ್ಯರು ಒಪ್ಪಿ ಚೀಟಿ ಬರೆದುಕೊಟ್ಟಿದ್ದಾರೆ, ಅಲ್ಲಿನ ಸಿಸ್ಟರ್ ಇನ್ನೂ ಒಪ್ಪಿಲ್ಲ.