ಪೈಥಾನ್‌ನಲ್ಲಿ 2.5 ಯಾಕೆ 2 ಆಗುತ್ತದೆ?

ಬಿಲ್ ಲೆಕ್ಕಕ್ಕೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಳಸುವವರು ಇದನ್ನೊಮ್ಮೆ ಓದಿ. ಸಂಖ್ಯೆಯನ್ನು ಹತ್ತಿರದ ಪೂರ್ಣಾಂಕಕ್ಕೆ ತರುವ ರೌಂಡ್ ಫಂಕ್ಷನ್‌ಗೆ 2.5 ಕೊಟ್ಟರೆ 3 ಬರುವುದಿಲ್ಲ, 2 ಬರುತ್ತದೆ. 3.5 ಕೊಟ್ಟರೆ ಮಾತ್ರ 4! ಮೊದಲ ಸಲ ನೋಡಿದಾಗ ನನ್ನ ಕೋಡೇ ತಪ್ಪಿದೆ ಅಂದುಕೊಂಡು ಒಂದು ಸಂಜೆ ಪೂರ್ತಿ ಹುಡುಕಿದ್ದೆ.

ಇದು ತಪ್ಪಲ್ಲ. ಸಂಖ್ಯೆ ಸರಿಯಾಗಿ ಅರ್ಧದಲ್ಲಿದ್ದರೆ ಪೈಥಾನ್‌ನ 3ನೇ ಆವೃತ್ತಿ ಹತ್ತಿರದ ಸಮ ಸಂಖ್ಯೆಗೆ ಹೋಗುತ್ತದೆ. ಹಳೆಯ 2ನೇ ಆವೃತ್ತಿಯಲ್ಲಿ 2.5 ಕೊಟ್ಟರೆ ನಾವು ಶಾಲೆಯಲ್ಲಿ ಕಲಿತಂತೆ 3 ಬರುತ್ತಿತ್ತು. ಯಾವಾಗಲೂ ಅರ್ಧವನ್ನು ಮೇಲಕ್ಕೇ ಏರಿಸಿದರೆ ಸಾವಿರಾರು ಸಂಖ್ಯೆ ಕೂಡಿಸುವಾಗ ಮೊತ್ತ ಜಾಸ್ತಿ ಆಗುತ್ತಾ ಹೋಗುತ್ತದೆ ಅಲ್ವಾ? ಸಮ ಸಂಖ್ಯೆಗೆ ಹೋದರೆ ಕೆಲವು ಏರುತ್ತವೆ, ಕೆಲವು ಇಳಿಯುತ್ತವೆ. ಇದಕ್ಕೆ ಬ್ಯಾಂಕರ್ಸ್ ರೌಂಡಿಂಗ್ ಅನ್ನುತ್ತಾರೆ.

ಇನ್ನೊಂದು ತೊಡಕಿದೆ, ಹೆಚ್ಚು ಕಾಡುವುದು ಇದೇ. 2.675 ಅನ್ನು ಎರಡು ದಶಮಾಂಶಕ್ಕೆ ರೌಂಡ್ ಮಾಡಿದರೆ 2.67 ಬರುತ್ತದೆ. ಇಲ್ಲಿ ಸಮ ಸಂಖ್ಯೆಯ ನಿಯಮ ಕಾರಣವಲ್ಲ, ಅದರ ಪ್ರಕಾರ 2.68 ಬರಬೇಕಿತ್ತು. ಕಂಪ್ಯೂಟರ್ ಒಳಗೆ ಎಲ್ಲ ಬೈನರಿ, ಅಂದರೆ 0 ಮತ್ತು 1ರ ಲೆಕ್ಕ. 2.675 ಅಲ್ಲಿ ಕರಾರುವಾಕ್ಕಾಗಿ ಕೂರುವುದಿಲ್ಲ, 2.67499999... ಎಂದು ಉಳಿಯುತ್ತದೆ. ಅರ್ಧಕ್ಕಿಂತ ಕೂದಲೆಳೆಯಷ್ಟು ಕಡಿಮೆ, ಹಾಗಾಗಿ ಕೆಳಕ್ಕೆ.

ದುಡ್ಡಿನ ಲೆಕ್ಕಕ್ಕೆ ದಯವಿಟ್ಟು ಫ್ಲೋಟ್ (ಹೀಗೆ ಬೈನರಿಯಲ್ಲಿ ಉಳಿಯುವ ದಶಮಾಂಶ ಸಂಖ್ಯೆ) ಬೇಡ. ದಶಮಾಂಶವನ್ನು ಹಾಗೇ ಇಡುವ, ಪೈಥಾನ್‌ನಲ್ಲೇ ಇರುವ ಡೆಸಿಮಲ್ ಮಾಡ್ಯೂಲ್ ತೆಗೆದುಕೊಳ್ಳಿ. ಅದರಲ್ಲಿ 2.675 ಅನ್ನು ಕ್ವಾಂಟೈಜ್ ಮಾಡುವಾಗ (ಎರಡು ದಶಮಾಂಶಕ್ಕೆ ತರುವಾಗ) ರೌಂಡ್ ಹಾಫ್ ಅಪ್, ಅಂದರೆ ಅರ್ಧವನ್ನು ಮೇಲಕ್ಕೆ ಏರಿಸು ಎಂದು ಹೇಳಿದರೆ 2.68 ಸಿಗುತ್ತದೆ. ಆದರೆ ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ ಸ್ಟ್ರಿಂಗ್ (ಪಠ್ಯ) ಆಗಿಯೇ ಕೊಡಿ. ಸುಮ್ನೆ ಫ್ಲೋಟ್ ಕೊಟ್ಟರೆ ಆ ಹಳೇ 2.67499 ಡೆಸಿಮಲ್‌ಗೂ ಹಾಗೇ ಬರುತ್ತದೆ.